ಎರವಲು ನಕ್ಷೆ

ಮೊನ್ನೆ ಮಡಿವಾಳದ ಗುಜರಿ ಅಂಗಡಿಯಲ್ಲಿ ಬಟ್ಟೆಗೆ ಅಂಟಿಸಿ ಸುರುಳಿ ಸುತ್ತಿದ ಹಳೆಯ ಗೋಡೆನಕ್ಷೆಯೊಂದು ಕಂಡಿತು. ಮಂಡಿನೋವು ಮರೆತು ಬಗ್ಗಿ ಮೂಸಿದೆ. ಅದೇ ವಾರ್ನಿಷ್, ಅದೇ ಧೂಳು. "ತಗೊಳ್ಳಿ ಆಂಟಿ, ಬಟ್ಟೆ ಗಟ್ಟಿ ಇದೆ," ಎಂದ ಅಂಗಡಿಯವನು. ನಾನು ಬಟ್ಟೆ ನೋಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಸುದ್ದಗುಂಟೆಪಾಳ್ಯದ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಹೊಸ ಮಿಸ್ಸು. ಅಲ್ಲಿ ಕರ್ನಾಟಕದ ನಕ್ಷೆ ಇರುತ್ತಿದ್ದುದು ವರ್ಷಕ್ಕೆ ಒಂದೇ ದಿನ, ಇನ್ಸ್‌ಪೆಕ್ಟರ್ ತಪಾಸಣೆಗೆ ಬರುವ ದಿನ. ನಗಬೇಡಿ, ಆಗ ಸುತ್ತಲಿನ ಶಾಲೆಗಳಲ್ಲಿ ಅದೇ ಏರ್ಪಾಡು. ನಮ್ಮ ಗಡಿಯಾರ ಅವರಿಗೆ, ಅವರ ನಕ್ಷೆ ನಮಗೆ. ಆ ವರ್ಷ ನಕ್ಷೆ ತರುವ ಹೊಣೆ ನನ್ನದು. ಬಸ್ಸಿನಲ್ಲಿ ಕಂಡಕ್ಟರ್ "ಚಾಪೆ ಪಕ್ಕಕ್ಕಿಡಿ ಮೇಡಂ" ಎಂದಾಗ ನನಗೆ ಭಾರಿ ಅವಮಾನವಾಗಿತ್ತು.

ಹೆಡ್‌ಮಿಸ್ ಗೌರಮ್ಮನವರಿಗೆ ಮೆಮೊ ಭಯ. "ಏನೂ ಇಲ್ಲ ಅಂತ ಬರೆದ್ಬಿಟ್ರೆ ನನ್ನೇ ಕೇಳ್ತಾರೆ ಕಣಮ್ಮ," ಎನ್ನುತ್ತಾ ತಾವೇ ಮೊಳೆ ಹೊಡೆದರು.

ಇನ್ಸ್‌ಪೆಕ್ಟರ್ ನಾಲ್ಕನೇ ಕ್ಲಾಸಿನ ನಾಗರತ್ನಳನ್ನು ಕರೆದು ಬೆಂಗಳೂರು ತೋರಿಸಲು ಹೇಳಿದರು. ಜಿಲ್ಲೆಗಳ ಹೆಸರನ್ನು ಪಟಪಟನೆ ಒಪ್ಪಿಸುವ ಹುಡುಗಿ, ಕೋಲನ್ನು ನಕ್ಷೆಯ ಮೇಲೆಲ್ಲ ಆಡಿಸಿ ಕೆಳಗಿಳಿಸಿದಳು.

"ಗೊತ್ತಿಲ್ಲ ಸಾರ್. ಇದು ಇವತ್ತೇ ಬಂದಿದ್ದು."

ಇನ್ಸ್‌ಪೆಕ್ಟರ್ ನಕ್ಷೆಯ ಮೂಲೆಯ ತೇಪೆ ಮುಟ್ಟಿ ನೋಡಿದರು.

"ನಿನ್ನೆ ಇನ್ನೊಂದು ಶಾಲೇಲೂ ಇದೇ ತೇಪೆ ನೋಡ್ದೆ," ಎಂದರು. ಬೈಯುವ ದನಿಯಲ್ಲ, ದಣಿದ ದನಿ. "ಹೋದ ವರ್ಷ ಇಲ್ಲಿ ನಕ್ಷೆ ಇದೆ ಅಂತ ನಾನೇ ಬರ್ದಿದೀನಿ. ಇದೆ ಅಂದ್ಮೇಲೆ ಮೇಲಿನೋರು ಯಾಕ್ರೀ ಕಳಿಸ್ತಾರೆ? ಇಲ್ಲದ್ದನ್ನ ಇಲ್ಲ ಅಂತ ತೋರ್ಸಿದ್ರೆ ತಾನೆ ನಾನು ಕೇಳೋಕಾಗೋದು?"

ಮೆಮೊ ಬರಲಿಲ್ಲ. ಮರುವರ್ಷ ಹೊಸ ನಕ್ಷೆಯೇ ಬಂತು. ಅಷ್ಟರಲ್ಲಿ ನಾಗರತ್ನ ನಮ್ಮಲ್ಲಿ ಕೊನೆಯದಾದ ನಾಲ್ಕನೇ ಕ್ಲಾಸು ಮುಗಿಸಿ ಹೋಗಿದ್ದಳು. ಒಂದು ವರ್ಷ ಮೊದಲೇ ನಿಜ ತೋರಿಸಿದ್ದರೆ ಅವಳೂ ಅದರ ಮೇಲೆ ಬೆರಳಿಡುತ್ತಿದ್ದಳು. ಆ ನೋವು ನನಗೆ ಇಂದಿಗೂ ಇದೆ.

ಇಷ್ಟು ಕಲಿತವಳು ಮೊನ್ನೆ ಬೆಳಿಗ್ಗೆ ಏನು ಮಾಡಿದ್ದೆ ಗೊತ್ತೆ? ಪದ್ಮನಾಭನಗರದ ನಮ್ಮ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಮರುದಿನ ಅಧಿಕಾರಿಗಳು ಬರುವವರಿದ್ದರು. ಅಲ್ಲಿನ ಚಿಕ್ಕ ವಯಸ್ಸಿನ ಮಿಸ್ಸು ಬಂದು, ಒಂದು ದಿನದ ಮಟ್ಟಿಗೆ ಮಕ್ಕಳನ್ನು ಕೂರಿಸಲು ನನ್ನ ಮನೆಪಾಠದ ಕೋಣೆಯ ಕುರ್ಚಿಗಳನ್ನು ಕೇಳಿದಾಗ ಧಾರಾಳವಾಗಿ ಒಪ್ಪಿದ್ದೆ.

ಗುಜರಿ ಅಂಗಡಿಯ ಮುಂದಿನಿಂದಲೇ ಅವಳಿಗೆ ಫೋನ್ ಮಾಡಿದೆ.

"ಕುರ್ಚಿ ಕೊಡಲ್ಲಮ್ಮ."

"ಅಯ್ಯೋ ಮೇಡಂ, ಮಕ್ಕಳು ನೆಲದ ಮೇಲೆ ಕೂತಿರೋದನ್ನ ಅವ್ರು ನೋಡ್ಬಿಡ್ತಾರೆ."

"ನೋಡ್ಲಿ. ನಾನೂ ಬಂದು ಮಕ್ಕಳ ಜೊತೆ ಕೂತ್ಕೋತೀನಿ."