ಪಟೇಲರ ಚಾವಡಿಯಲ್ಲಿ ಮೊದಲ ಓಟು

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಗೆ ಬೇಗೂರಿನ ಆಚೆಯ ಹಳ್ಳಿಯೊಂದಕ್ಕೆ ನನ್ನನ್ನು ಮತಗಟ್ಟೆಯ ಅಧಿಕಾರಿಯಾಗಿ ಹಾಕಿದರು. ಚಾಮರಾಜನಗರದಲ್ಲಿ ಮೇಷ್ಟ್ರಾಗಿದ್ದ ನನಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗೊತ್ತಿತ್ತೇ ಹೊರತು ಊರನ್ನು ನಿಲ್ಲಿಸಿ ಗೊತ್ತಿರಲಿಲ್ಲ.

ಮತಗಟ್ಟೆ ಇದ್ದದ್ದು ಪಟೇಲರ ಚಾವಡಿಯಲ್ಲಿ. ಒಳಕೋಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಗುರುತು ಅಂಟಿಸಿದ ಒಂದೊಂದು ಪೆಟ್ಟಿಗೆ ಇಟ್ಟು ಪರದೆ ಕಟ್ಟಿದ್ದೆವು. ಬಾಗಿಲು ತೆರೆಯುತ್ತಿದ್ದಂತೆ ಪಟೇಲರು ನನ್ನ ಮೇಜಿನ ಮುಂದೆ ಬಂದು ನಿಂತರು.

“ಕೇರಿಯೋರು ಚಾವಡಿ ಅತ್ತಂಗಿಲ್ಲ ಮೇಷ್ಟ್ರೇ. ಅವ್ರ ಚೀಟಿನೆಲ್ಲ ನಮ್ಮಾಳು ಈಸ್ಕಬಂದು ಆಕ್ತಾನೆ.”

“ಅವರ ಚೀಟಿ ಅವರೇ ಹಾಕಬೇಕು,” ಅಂದೆ.

“ಅಂಗಾದ್ರೆ ಮೊದ್ಲು ನಮ್ಮೋರು ಮುಗುಸ್ಲಿ. ಆಮೇಲೆ ನೋಡನ.”

ಅದಕ್ಕೆ ಒಪ್ಪಿಬಿಟ್ಟೆ. ಜಗಳವಿಲ್ಲದೆ ದಿನ ಕಳೆದರೆ ಸಾಕಾಗಿತ್ತು. ಮಧ್ಯಾಹ್ನ ದಾಟಿದರೂ ಅವರ ಕಡೆಯವರು ಮುಗಿಯಲಿಲ್ಲ. ಒಬ್ಬ ಓಟು ಹಾಕಿ ಬಂದ ಮೇಲೆ ಇನ್ನೊಬ್ಬ ಎಲೆಯಡಿಕೆ ಮೆದ್ದು, ಉಗಿದು, ನಿಧಾನವಾಗಿ ಏಳುತ್ತಿದ್ದ. ಊರು ಮುಟ್ಟಿಸಿಕೊಳ್ಳದ ಕೇರಿಯವರು ಚಾವಡಿಯ ಮುಂದೆ ಬಿಸಿಲಲ್ಲಿ ಕೂತೇ ಇದ್ದರು. ಕೊನೆಗೆ ಅವರಲ್ಲೊಬ್ಬ ಮುದುಕಿ ಎದ್ದು ಬಂದು ಮೆಟ್ಟಿಲ ಕೆಳಗೆ ನಿಂತಳು.

“ಐದ್ಗಂಟೆಗೆ ಬಾಗ್ಲಾಕ್ಬುಡ್ತೀರಂತಲ್ಲ ಸಾಮಿ. ನಮ್ಮನ್ನ ಕೂರ್ಸಿರದು ಅದ್ಕೇನಾ?”

ಪಟೇಲರ ಹೂಟ ನನಗೆ ಹೊಳೆದದ್ದು ಆಗಲೇ. ಮತದಾನ ನಿಲ್ಲಿಸಿ, ಎಲ್ಲರೂ ಒಂದೇ ಸಾಲಿನಲ್ಲಿ ಬರದಿದ್ದರೆ ಪೆಟ್ಟಿಗೆಗಳಿಗೆ ಸೀಲು ಹಾಕಿ ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ ಹೊರಡುತ್ತೇನೆ ಎಂದೆ.

“ಒರಡಿ. ಅದೆಂಗೆ ಊರು ದಾಟ್ತೀರೋ ನೋಡ್ತೀನಿ,” ಅಂದರು ಪಟೇಲರು.

ಬಾಗಿಲಲ್ಲಿದ್ದ ಪೊಲೀಸಿನವನು ಲಾಠಿ ಹಿಡಿದು ಎದ್ದು ನಿಂತ. ಮುದುಕಿ ಮೆಟ್ಟಿಲು ಹತ್ತಿದಳು. ಅವಳ ಹಿಂದೆಯೇ ಉಳಿದವರು. ಪಟೇಲರ ಕಡೆಯವರು ಕ್ಯಾಕರಿಸಿ ಉಗಿದು ಇಳಿದುಹೋದರು. ಅಲ್ಲಿಂದಾಚೆ ಆ ಊರಲ್ಲಿ ನಮಗೆ ಒಂದು ಲೋಟ ನೀರೂ ಸಿಗಲಿಲ್ಲ.

ಓಟು ಹಾಕಿ ಹೋದ ಮುದುಕಿ ಮನೆಯಿಂದ ಒಂದು ಚೊಂಬು ನೀರು ತಂದಳು. ನನ್ನ ಗಂಟಲು ಒಣಗಿತ್ತು. ಆದರೆ ಊರು ನೋಡುತ್ತಿತ್ತು. “ಬೇಡಮ್ಮ, ದಾಹವಿಲ್ಲ,” ಅಂದೆ. ಅವಳು ಚೊಂಬನ್ನು ನನ್ನ ಕಾಲಬುಡದಲ್ಲಿ ಬಗ್ಗಿಸಿ ಹೋದಳು.

ಪಟೇಲರು ಅರ್ಜಿ ಹಾಕಿ ನನ್ನನ್ನು ಬಂಡೀಪುರದ ಕಾಡಂಚಿನ ಶಾಲೆಗೆ ಎತ್ತಿಹಾಕಿಸಿದರು. ಅವರನ್ನು ನಾನು ಕ್ಷಮಿಸಿಲ್ಲ. ಬೆಳಗ್ಗೆ ಒಪ್ಪಿಕೊಂಡ ನನ್ನನ್ನೂ ಕ್ಷಮಿಸಿಲ್ಲ. ಎಲ್ಲರಿಗೂ ಒಳ್ಳೆಯವನಾಗಿ ಚುನಾವಣೆ ನಡೆಸಲು ಹೊರಟರೆ ಬಲವಿದ್ದವನ ಕೆಲಸವನ್ನೇ ಮಾಡಿಕೊಟ್ಟಂತಾಗುತ್ತದೆ.

ಐದು ವರ್ಷದ ಮೇಲೆ ಮುಂದಿನ ಚುನಾವಣೆಗೆ ಇನ್ನೊಂದು ಹಳ್ಳಿಗೆ ಹಾಕಿದರು. ಹಿಂದಿನ ದಿನವೇ ಕೇರಿಗೆ ಹೋಗಿ, ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲಿ ಎಂದೆ. ಬೆಳಗ್ಗೆ ಸಾಲಿನ ಮುಂದೆ ಕೇರಿಯವರನ್ನು ಕಂಡ ಆ ಊರಿನ ಗೌಡರು ನನ್ನ ನಮಸ್ಕಾರಕ್ಕೆ ಮುಖ ತಿರುಗಿಸಿದರು. ನಾನು ಮತ್ತೆ ಕೈ ಮುಗಿಯಲಿಲ್ಲ.