ಗೀಟು ನಾಲ್ಕು ಬೆರಳು ಏರಿತು

ಜೈನಾಪುರದ ಹೊಲದಾಗ ಬೋರ್ ಕೊರೆಯೋವಾಗ ಪೈಪ್ ಒಳಗ ಸಿಕ್ಕಿಬಿತ್ತು. ಎಲ್ಲಿ ಸಿಕ್ಕೈತಿ ಅಂತ ತಿಳಿಯಾಕ ಬೋರ್ ಗಾಡಿಯಿಂದ ಮ್ಯಾಲ ಜಗ್ಗಿ ನೋಡ್ತೇವಿ. ಪೈಪ್ ಹೆಚ್ಚು ಹಿಗ್ಗಿದರ ಬಾಳ ಕೆಳಗ ಸಿಕ್ಕಂಗ. ಆಗ ಮ್ಯಾಲಿನ ಪೈಪೆಲ್ಲ ಬಿಚ್ಚಿ ಉಳಿಸಬಹುದು. ಗಾಡಿ ಚೌಕಟ್ಟಿನ ಸಮಕ್ಕ ಪೈಪಿಗೆ ಸೀಮೆಸುಣ್ಣದ ಗೀಟು ಎಳದು ಜಗ್ಗಿದೆ. ಗೀಟು ನಾಲ್ಕು ಬೆರಳು ಏರಿತು.

"ಬಾಳ ಕೆಳಗೈತ್ರಿ, ಚಿಂತಿ ಬ್ಯಾಡ," ಅಂದೆ.

ಹೊಲದೊಡತಿ ಅಮೀನಾಬಿ ಗಾಡಿನ ಎತ್ತಿ ಹಿಡಿಯಾಕ ನೆಲಕ್ಕ ಊರಿದ ಜ್ಯಾಕಿನ ಹತ್ತಿರ ಕುಂತಿದ್ಳು. "ಪೈಪ್ ಏರಿಲ್ಲಪಾ," ಅಂದ್ಳು, ನನ್ನನ್ನ ಸಮಾಧಾನ ಮಾಡಿದಂಗ. "ನಿನ್ನ ಗಾಡಿ ಎರಿ ಮಣ್ಣಾಗ ಇಳದೈತಿ."

ಬಗ್ಗಿ ನೋಡಿದೆ. ಜ್ಯಾಕ್ ಬರೋಬ್ಬರಿ ನಾಲ್ಕು ಬೆರಳು ಇಳದಿತ್ತು. ಪೈಪ್ ಕೂದಲಷ್ಟೂ ಹಿಗ್ಗಿರಲಿಲ್ಲ. ಮ್ಯಾಲಿಂದನ ಮಣ್ಣು ಕುಸಿದು ಎಲ್ಲಾ ಹಿಡಕೊಂಡಿತ್ತು. ನನ್ನ ಪೈಪೂ ಹೋತು, ಆಕಿ ಬೋರೂ ಹೋತು.

ಹದಿನೈದು ವರ್ಷದಿಂದ ಹಿಂಗ ಅಳೀತೇನಿ. ಬ್ಯಾರೆ ಯಾವ ಹೊಲದಾಗೂ ಯಾರೂ ಜ್ಯಾಕಿನ ಹತ್ತಿರ ಕುಂತಿರಲಿಲ್ಲ.