ಒರತೆಯ ಮೇಲಿನ ಮರಗಳು

ಕಳೆದ ವಾರ ಬಾಗಿಲು ಮಾಡಿಸಲೆಂದು ಶಿರಸಿಯ ಮರದ ಮಿಲ್ಲೊಂದಕ್ಕೆ ಹೋಗಿದ್ದೆ. ಆಗತಾನೇ ಸೀಳಿದ ಹಸಿಮರದ ಒಗರು ವಾಸನೆ ಮೂಗಿಗೆ ಬಡಿಯಿತು. ಬಂದ ಕೆಲಸ ಮರೆತು ದಿಮ್ಮಿಯೊಂದರ ಮೇಲೆ ಕುಳಿತುಬಿಟ್ಟೆ... ಆಚೆಮನೆ ಮಾವನ ಅಂಗಿಗೆ ಸದಾ ಇದೇ ವಾಸನೆಯಿತ್ತು.

ಅರವತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಯಲ್ಲಾಪುರದ ಹತ್ತಿರದ ಹಳ್ಳಿಗೆ ಬಂದೆ. ನನ್ನ ಗಂಡ ಅಲ್ಲಿನ ಶಾಲೆಯ ಮಾಸ್ತರರು. ಪಕ್ಕದ ಮನೆಯವರು ಮರದ ಗುತ್ತಿಗೆದಾರರು. ನೆಂಟರಲ್ಲದಿದ್ದರೂ ನನಗೆ ಮಾವ. ದೊಡ್ಡ ದನಿ, ಧಾರಾಳದ ಕೈ. ಶಾಲೆಗೆ ಬೆಂಚು ಮಾಡಿಸಿಕೊಟ್ಟವರು ಅವರೇ. ಕೆಳಗಿನ ಕೇರಿಯಲ್ಲಿ ಯಾರಿಗಾದರೂ ಜ್ವರ ಏರಿದರೆ ತಮ್ಮ ಲಾರಿಯಲ್ಲೇ ಆಸ್ಪತ್ರೆಗೆ ಕಳಿಸುತ್ತಿದ್ದರು. ಅವರು ಕಡಿಸಿದ ಮರವೆಲ್ಲ ರೈಲು ಹಳಿಗಳ ಕೆಳಗೆ ಹಾಸಲು ಹೋಗುತ್ತಿತ್ತು. ರೈಲನ್ನೇ ಕಾಣದ ಊರು ನಮ್ಮದು.

ಆ ವರ್ಷ ಊರ ಹಿಂದಿನ ಗುಡ್ಡದ ಗುತ್ತಿಗೆ ಅವರಿಗೆ ಸಿಕ್ಕಿತು. ಗುಡ್ಡದಲ್ಲೊಂದು ಒರತೆ. ಅಲ್ಲಿ ಹುಟ್ಟಿದ ಹಳ್ಳ ನಮ್ಮ ಮನೆಗಳನ್ನು ದಾಟಿ ಕೆಳಗಿನ ಕೇರಿಯ ಹುಲ್ಲುಮಾಡಿನ ಮನೆಗಳತ್ತ ಇಳಿಯುತ್ತಿತ್ತು. ಕೇರಿಗೆ ಬೇರೆ ನೀರಿರಲಿಲ್ಲ.

"ಒರತೆ ಮೇಲಿನ ಮರ ಮುಟ್ಟಡಿ. ಮಾವಯ್ಯ ಇದ್ದಾಗ ಅಲ್ಲಿ ಸೊಪ್ಪು ಕೊಯ್ಯಲೂ ಬಿಡ್ತಿದ್ನಿಲ್ಲೆ," ಎಂದು ತಮ್ಮ ಗಂಡನ ತಂದೆಯ ಕಾಲ ನೆನೆದು ತಡೆದರು ಅವರ ಹೆಂಡತಿ, ನನಗೆ ಅತ್ತೆ.

ಮಾವ ನಕ್ಕು ನನ್ನತ್ತ ತಿರುಗಿದರು. "ಕೇಳೇ ತಂಗಿ, ನಿನ್ನ ಗಂಡನೇ ಶಾಲೆಲಿ ಪಾಠ ಮಾಡ್ತ. ಅದಿರು ತೆಗೆದ್ರೆ ಮುಗೀತು. ಕಾಡು, ನೀರು ಮತ್ತೆ ಬಪ್ಪ ಸಂಪತ್ತು. ಕಡದ್ರೆ ಎಂತ ಆಗ್ತು? ಮತ್ತೆ ಬತ್ತು!"

ನಮ್ಮ ಮನೆಮಾತಿನಲ್ಲಿ 'ಬತ್ತು' ಎಂದರೆ ಬರುತ್ತದೆ ಎಂದೇ ಅರ್ಥ. ಆದರೂ ಅತ್ತೆ ಆ ಮಾತಿಗೆ ಬೆಚ್ಚಿದ್ದನ್ನು ನಾನು ಕಂಡೆ. ನನ್ನ ಗಂಡ ಏನೋ ಹೇಳಹೊರಟರು. ಅಷ್ಟರಲ್ಲಿ ಮಾವ ಎದ್ದಾಗಿತ್ತು.

ಮಳೆಗಾಲಕ್ಕೆ ಮೊದಲೇ ಗುಡ್ಡ ಬೋಳಾಯಿತು. ಮಳೆಯಲ್ಲಿ ಹಳ್ಳ ಕೆಂಪಗೆ ಹರಿಯಿತು. ದೀಪಾವಳಿಗೆ ಸೊರಗಿತು, ಶಿವರಾತ್ರಿಗೆ ಬರೀ ಕಲ್ಲು. ಅದರ ಸದ್ದಿಗೆ ಒಗ್ಗಿದ್ದ ಕಿವಿಗೆ ಆ ಮೌನ ಹೆದರಿಕೆ ಹುಟ್ಟಿಸುತ್ತಿತ್ತು. ಗುಡ್ಡದ ಮೇಲೆ ಕಡಿದು ಬಿಟ್ಟ ಕೊಂಬೆರೆಂಬೆಗಳು ರಾಶಿರಾಶಿಯಾಗಿ ಒಣಗುತ್ತಿದ್ದವು. ಕೇರಿಯ ಹೆಂಗಸರು ಕೊಡ ಹಿಡಿದು ನಮ್ಮ ಬಾವಿಗೆ ಬರತೊಡಗಿದರು. ಬರುವಾಗಲೆಲ್ಲ ಆ ರಾಶಿಯತ್ತ ಕಣ್ಣು ಹಾಯಿಸುತ್ತಿದ್ದರು.

ಒಂದು ಮಧ್ಯಾಹ್ನ ಅದಕ್ಕೆ ಬೆಂಕಿ ಬಿತ್ತು. ಹೇಗೆಂದು ಇಂದಿಗೂ ಗೊತ್ತಿಲ್ಲ. ಗಾಳಿ ಕೇರಿಯ ಕಡೆಗಿತ್ತು. ಜನ ಕೊಡ ಹಿಡಿದು, ರೂಢಿಯಂತೆ, ಹಳ್ಳಕ್ಕೇ ಓಡಿದರು. ಒಣಕಲ್ಲುಗಳ ನಡುವೆ ನಿಂತುಬಿಟ್ಟರು... ಮಾವ ಉರಿಯುವ ಮಾಡಿನ ಕೆಳಗೆ ನುಗ್ಗಿ, ಹಾಸಿಗೆ ಹಿಡಿದಿದ್ದ ಮುದುಕಿಯೊಬ್ಬಳನ್ನು ಹೊತ್ತು ತಂದರು. ಆಕೆ "ನೀರು" ಎಂದಳು. ನಾನು ನಮ್ಮ ಬಾವಿಯಿಂದ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಕೆಯ ಮಗ ಮಾವನ ಮುಖವನ್ನೇ ನೋಡಿದ.

ಮಾವ ಗುತ್ತಿಗೆ ಬಿಟ್ಟರು. ಲಾರಿ ಮಾರಿ ಕೇರಿಯ ಮನೆಗಳಿಗೆ ಹಂಚು ಹೊದಿಸಿದರು. ಪ್ರತಿ ಮಳೆಗಾಲವೂ ಕಾಡಿನಿಂದ ಸಸಿ ತಂದು ಒರತೆಯ ಸುತ್ತ ನೆಟ್ಟರು. ನನ್ನ ಗಂಡ ಪಾಠಕ್ಕೊಂದು ಮಾತು ಸೇರಿಸಿದರು: ಮರಳಿ ಬರುವ ಸಂಪತ್ತೂ ನಾವು ಬರಗೊಟ್ಟರೆ ಮಾತ್ರ ಬರುತ್ತದೆ. ಎಷ್ಟೋ ವರ್ಷದ ಮೇಲೆ, ಎತ್ತರಕ್ಕೆ ಬೆಳೆದ ಆ ಮರಗಳ ಕೆಳಗೆ ಮಾವ ಒಣಮಣ್ಣನ್ನು ಬೆರಳಿಂದ ಕೆದಕುತ್ತಿದ್ದರು.

"ಮರ ಬಂತು ತಂಗಿ... ನೀರು ಬೈಂದಿಲ್ಲೆ," ಎಂದರು.

ಅವರು ಹೋಗಿ ಬಹಳ ಕಾಲವಾಯಿತು. ಕೇರಿಯವರೂ ನೀರಿದ್ದ ಕಡೆಗೆ ಎದ್ದು ಹೋದರು. ಕಳೆದ ವಾರ ಆ ಮಿಲ್ಲಿನಿಂದ ಮನೆಗೆ ಹೋಗದೆ ಆ ಗುಡ್ಡಕ್ಕೆ ಕಾರು ಬಿಡಿಸಿದೆ. ಅಲ್ಲಿಯವರೆಗೂ ಈಗ ರಸ್ತೆಯಿದೆ. ಒರತೆಯ ಗುಂಡಿ ಹಾಗೇ ಒಣಗಿತ್ತು. ಮರಗಳ ಬುಡದಲ್ಲಿ ತರಗೆಲೆ ಮೊಣಕಾಲೆತ್ತರ. ಜೊತೆಗೆ ಬಂದ ಡ್ರೈವರ್ ಬೀಡಿ ತುಟಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದ. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.